ಬ್ರೇಕ್ ಒತ್ತಿದರೆ ಆರುವ ದೀಪ

ಈ ವಾರ ಒಂದು ಒಗಟಿನಿಂದ ಶುರು ಮಾಡೋಣ. ವಾಹನದ ಬ್ರೇಕ್ ಒತ್ತಿದಾಗ ಹಿಂದಿನ ಕೆಂಪು ದೀಪ ಪ್ರಖರವಾಗಿ ಹತ್ತಬೇಕು. ಇದು ಸಣ್ಣ ಮಕ್ಕಳಿಗೂ ಗೊತ್ತು. ಆದರೆ ರಾತ್ರಿ ಹೊತ್ತು ಬ್ರೇಕ್ ಒತ್ತಿದ ಕೂಡಲೇ, ಅಲ್ಲಿಯವರೆಗೆ ಉರಿಯುತ್ತಿದ್ದ ದೀಪವೇ ಆರಿಹೋದರೆ? ಕಾಲು ತೆಗೆದ ಮೇಲೆ ಮತ್ತೆ ಹತ್ತಿಕೊಂಡರೆ? ಬಲ್ಬು ಸುಟ್ಟಿಲ್ಲ, ಫ್ಯೂಸ್ ಹೋಗಿಲ್ಲ, ಸ್ವಿಚ್ಚು ಕೆಟ್ಟಿಲ್ಲ. ಹಾಗಾದರೆ ಕೆಟ್ಟಿರುವುದು ಯಾವುದು?

ಈ ಒಗಟನ್ನು ನನ್ನ ಮುಂದಿಟ್ಟವನು ರಾಯಬಾಗ ತಾಲ್ಲೂಕಿನ ಹತ್ತನೇ ತರಗತಿಯ ಒಬ್ಬ ಹುಡುಗ. ಅವರ ಮನೆಯಲ್ಲಿ ಹದಿನೈದು ವರ್ಷ ದಾಟಿದ ಒಂದು ಪಿಕಪ್ ಗಾಡಿಯಿದೆ. ತಂದೆ ಅದರಲ್ಲಿ ಊರಿನ ತರಕಾರಿಯನ್ನು ನಿಪ್ಪಾಣಿ ಪೇಟೆಗೆ ಒಯ್ಯುತ್ತಾರೆ; ಮರಳಿ ಬರುವಾಗ ರಸಗೊಬ್ಬರದ ಚೀಲ ತುಂಬಿಕೊಂಡು ಬರುತ್ತಾರೆ. ಹುಡುಗ ಹೇಳಿದ್ದಿಷ್ಟು: "ಸರ, ನಮ್ಮ ಗಾಡಿದು ಬಲಗಡೆ ಹಿಂದಿನ ಲೈಟ್ ಬ್ರೇಕ್ ಒತ್ತಿದ್ರ ಆರ್ತೈತ್ರಿ. ಎಡಗಡಿದು ಬರೊಬ್ಬರಿ ಹತ್ತತೈತಿ. ಬಲ್ಬ್ ಎರಡು ಸಲ ಬದಲ್ ಮಾಡೇವ್ರಿ, ಬ್ರೇಕ್ ಸ್ವಿಚ್ಚೂ ಹೊಸಾದು ಹಾಕೇವ್ರಿ. ಆದ್ರೂ ಮತ್ತ ಅದ ಕತಿ."

ಒಂದು ಸಣ್ಣ ದೀಪದ ಕಥೆಗೆ ಇಷ್ಟೇಕೆ ಮಹತ್ವ ಎಂದು ಪಾಲಕರು ಕೇಳಬಹುದು. ನಮ್ಮ ಭಾಗದ ರಸ್ತೆಗಳನ್ನು ಒಮ್ಮೆ ನೆನೆಯಿರಿ. ನಿಪ್ಪಾಣಿಯಿಂದ ಚಿಕ್ಕೋಡಿ, ಅಲ್ಲಿಂದ ರಾಯಬಾಗ. ಅತ್ತ ಮೀರಜಿನಿಂದ ಕಾಗವಾಡ, ಅಲ್ಲಿಂದ ಅಥಣಿ. ಕಬ್ಬು ನುರಿಸುವ ಹಂಗಾಮು ಬಂತೆಂದರೆ ಈ ರಸ್ತೆಗಳಲ್ಲಿ ಹಗಲು ಎಷ್ಟೋ ರಾತ್ರಿಯೂ ಅಷ್ಟೇ ಸಂಚಾರ. ಕೃಷ್ಣಾ ತೀರದಲ್ಲಿ ನಸುಕಿನ ಮಂಜು ಬೇರೆ. ಭಾರತ ಹುಣ್ಣಿಮೆಗೆ ಚಿಂಚಲಿ ಮಾಯಕ್ಕನ ಜಾತ್ರೆಗೆ ಹೋಗುವ ಚಕ್ಕಡಿಗಳ ಸಾಲು ಬೇರೆ. ಇಂಥ ರಸ್ತೆಯಲ್ಲಿ ಬೈಕ್ ಓಡಿಸುವ ಒಬ್ಬ ತರುಣನಿಗೆ ಮುಂದೆ ಹೋಗುತ್ತಿರುವ ಗಾಡಿಯ ಬಗ್ಗೆ ಸಿಗುವ ಸುದ್ದಿಯೆಲ್ಲ ಆ ಎರಡು ಕೆಂಪು ಚುಕ್ಕೆಗಳಿಂದಲೇ.

ಎರಡು ಚುಕ್ಕೆ ಎಂದೆ. ಆ 'ಎರಡು' ಎಂಬುದು ಮುಖ್ಯ. ಪಿಕಪ್ಪಿನ ಎರಡು ಹಿಂದೀಪಗಳ ನಡುವೆ ಸುಮಾರು ಒಂದೂವರೆ ಮೀಟರ್ ಅಂತರವಿದೆ ಎನ್ನೋಣ. 150 ಮೀಟರ್ ದೂರದಿಂದ ನೋಡಿದರೆ ಆ ಅಂತರ ನಮ್ಮ ಕಣ್ಣಿಗೆ ಅರ್ಧ ಡಿಗ್ರಿಗಿಂತ ತುಸು ಹೆಚ್ಚು, ಅಂದರೆ ಹೆಚ್ಚು ಕಡಿಮೆ ಹುಣ್ಣಿಮೆಯ ಚಂದ್ರನ ಅಗಲದಷ್ಟು ಕಾಣುತ್ತದೆ. 50 ಮೀಟರ್‌ಗೆ ಬಂದಾಗ ಅದರ ಮೂರು ಪಟ್ಟು ಆಗುತ್ತದೆ. ಚುಕ್ಕೆಗಳು ಒಂದರಿಂದೊಂದು ದೂರ ಸರಿಯುವ ರೀತಿಯನ್ನು ನೋಡಿಯೇ ನಮ್ಮ ಮೆದುಳು 'ಹತ್ತಿರ ಬಂತು, ವೇಗ ತಗ್ಗಿಸು' ಎಂದು ತೀರ್ಮಾನಿಸುತ್ತದೆ. ಒಂದು ಚುಕ್ಕೆ ಅಳಿಸಿಹೋದರೆ ಈ ಅಳತೆಗೋಲೇ ಮಾಯ. ಬಲಗಡೆಯ ದೀಪ ಆರಿದ್ದರಂತೂ ಅಪಾಯ ಇನ್ನೂ ದೊಡ್ಡದು. ಎಡಗಡೆಯ ಒಂದೇ ದೀಪ ಕಂಡವನು 'ರಸ್ತೆಯ ಅಂಚಿನಲ್ಲಿ ಒಂದು ಮೋಟರ್ ಸೈಕಲ್ ಹೊರಟಿದೆ' ಎಂದೇ ತಿಳಿಯುತ್ತಾನೆ. ಅದರ ಬಲಕ್ಕೆ ದಾಟಿ ಹೋಗಲು ನೋಡುತ್ತಾನೆ. ಅವನು ದಾಟಲು ಆಯ್ದುಕೊಂಡ ಆ ಖಾಲಿ ಜಾಗದಲ್ಲಿ ಪಿಕಪ್ಪಿನ ಕಬ್ಬಿಣದ ಮೂಲೆ ಇರುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಸುಮಾರು 16.7 ಮೀಟರ್. ನೋಡಿ, ಅರಿತು, ಬ್ರೇಕಿಗೆ ಕಾಲಿಡಲು ಒಂದೂವರೆ ಸೆಕೆಂಡ್ ಹಿಡಿದರೆ ಅಷ್ಟರಲ್ಲಿಯೇ 25 ಮೀಟರ್ ಕಳೆದುಹೋಗಿರುತ್ತದೆ.

ಇನ್ನು ಒಗಟಿಗೆ ಬರೋಣ.

ಹೋಗುವ ದಾರಿ, ಬರುವ ದಾರಿ

ವಿದ್ಯುತ್ ಹರಿಯಬೇಕಾದರೆ ಮಂಡಲ ಪೂರ್ಣವಾಗಿರಬೇಕು ಎಂದು ತರಗತಿಯಲ್ಲಿ ಓದಿದ್ದೀರಿ. ಟಾರ್ಚಿನಲ್ಲಿ, ಮನೆಯ ಬಲ್ಬಿನಲ್ಲಿ ಎರಡು ವೈರುಗಳಿರುವುದನ್ನು ಕಂಡಿದ್ದೀರಿ. ಆದರೆ ಹಳೆಯ ವಾಹನವೊಂದರ ಹಿಂದೀಪದ ಒಂದೊಂದು ತಂತುವಿಗೆ ಒಂದೊಂದೇ ವೈರು ಬಂದಿರುತ್ತದೆ. ಹಾಗಾದರೆ ಪ್ರವಾಹ ಬ್ಯಾಟರಿಗೆ ಮರಳುವುದು ಹೇಗೆ? ವಾಹನದ ಕಬ್ಬಿಣದ ಮೈಯೇ ಮರಳುವ ದಾರಿ. ಬ್ಯಾಟರಿಯ ಋಣ ತುದಿಯನ್ನು ದಪ್ಪ ಕೇಬಲ್ಲಿನಿಂದ ಚಾಸಿಗೆ ಬಿಗಿದಿರುತ್ತಾರೆ. ದೀಪದ ಹೋಲ್ಡರನ್ನು ಅದೇ ಕಬ್ಬಿಣಕ್ಕೆ ಬೋಲ್ಟು ಹಾಕಿರುತ್ತಾರೆ, ಇಲ್ಲವೇ ಒಂದು ಚಿಕ್ಕ ವೈರಿನಿಂದ ಜೋಡಿಸಿರುತ್ತಾರೆ. ಗ್ಯಾರೇಜಿನವರು ಇದನ್ನೇ 'ಅರ್ತ್' ಅಥವಾ 'ಬಾಡಿ ಅರ್ತ್' ಎನ್ನುತ್ತಾರೆ. ತಾಮ್ರ ಉಳಿಸಲು ಕಂಡುಕೊಂಡ ಜಾಣ ಉಪಾಯವಿದು. ಆದರೆ ಇದರಲ್ಲೊಂದು ತೊಡಕಿದೆ. ಹೋಗುವ ದಾರಿ ಬಣ್ಣ ಬಣ್ಣದ ವೈರಾಗಿ ಕಣ್ಣಿಗೆ ಕಾಣುತ್ತದೆ. ಬರುವ ದಾರಿ ಕಾಣುವುದಿಲ್ಲ. ಕಾಣದ್ದನ್ನು ಯಾರೂ ಅನುಮಾನಿಸುವುದಿಲ್ಲ.

ಈಗ ಬಲ್ಬನ್ನು ಕೈಯಲ್ಲಿ ಹಿಡಿದು ನೋಡಿ. ಹಿಂದೀಪದ ಬಲ್ಬಿನಲ್ಲಿ ಸಾಮಾನ್ಯವಾಗಿ ಎರಡು ತಂತುಗಳಿರುತ್ತವೆ. ಅಂಗಡಿಯಲ್ಲಿ 'ಡಬಲ್ ಕಾಂಟ್ಯಾಕ್ಟ್ ಬಲ್ಬ್' ಎಂದು ಕೇಳಿದರೆ ಇದನ್ನೇ ಕೊಡುತ್ತಾರೆ. ಒಂದು ತಂತು 5 ವ್ಯಾಟಿನದು, ರಾತ್ರಿ ಸದಾ ಉರಿಯಲು. ಇನ್ನೊಂದು 21 ವ್ಯಾಟಿನದು, ಬ್ರೇಕಿಗೆ. ಎರಡಕ್ಕೂ ತಳದಲ್ಲಿ ಬೇರೆ ಬೇರೆ ಸೀಸದ ಬೊಟ್ಟುಗಳಿವೆ. ಆದರೆ ಎರಡರ ಇನ್ನೊಂದು ತುದಿ ಬಲ್ಬಿನ ಲೋಹದ ಟೊಪ್ಪಿಗೆಗೇ ಕೂಡಿದೆ. ಅಂದರೆ ಬರುವ ದಾರಿಗಳು ಎರಡು, ಹೊರಹೋಗುವ ದಾರಿ ಒಂದೇ.

ಹೊಲಕ್ಕೆ ನೀರು ಹಾಯಿಸಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಎರಡು ಕಾಲುವೆಗಳು ಬಂದು ಒಂದು ಗುಂಡಿಗೆ ಸೇರುತ್ತವೆ, ಗುಂಡಿಯಿಂದ ಒಂದೇ ತೂಬಿನ ಮೂಲಕ ನೀರು ಹೊರಹೋಗುತ್ತದೆ ಎಂದುಕೊಳ್ಳಿ. ತೂಬಿಗೆ ಕಸ ಕಟ್ಟಿತು. ಈಗ ಒಂದನೆಯ ಕಾಲುವೆಯಲ್ಲಿ ಮಾತ್ರ ನೀರು ಬಿಟ್ಟರೆ ಏನಾದೀತು? ನೀರು ಗುಂಡಿಯಲ್ಲಿ ತುಂಬಿ, ಖಾಲಿ ಇರುವ ಎರಡನೆಯ ಕಾಲುವೆಯಲ್ಲಿ ಹಿಂದಕ್ಕೆ ಹರಿಯುತ್ತದೆ. ಎರಡೂ ಕಾಲುವೆಗಳಲ್ಲಿ ಒಂದೇ ಮಟ್ಟದಲ್ಲಿ ನೀರು ಬಿಟ್ಟರೆ? ಹಿಂದಕ್ಕೂ ಹೋಗುವಂತಿಲ್ಲ, ಹೊರಕ್ಕೂ ಹೋಗುವಂತಿಲ್ಲ. ನೀರು ಸುಮ್ಮನೆ ನಿಂತುಬಿಡುತ್ತದೆ. ಹರಿವೇ ಇಲ್ಲ.

ಹುಡುಗನ ಪಿಕಪ್ಪಿನಲ್ಲಿ ಆದದ್ದು ಇದೇ. ಬಲಗಡೆ ದೀಪದ ಅರ್ತ್ ಹೋಗಿತ್ತು. ರಾತ್ರಿ ದೀಪದ ಸ್ವಿಚ್ ಹಾಕಿದಾಗ ಪ್ರವಾಹ 5 ವ್ಯಾಟಿನ ತಂತುವಿನ ಮೂಲಕ ಟೊಪ್ಪಿಗೆಗೆ ಬರುತ್ತದೆ. ಅಲ್ಲಿಂದ ಚಾಸಿಗೆ ಇಳಿಯಲು ದಾರಿಯಿಲ್ಲ. ಆಗ ಪಕ್ಕದ 21 ವ್ಯಾಟಿನ ತಂತುವಿನಲ್ಲಿ ಹಿಮ್ಮುಖವಾಗಿ ಹರಿದು ಬ್ರೇಕ್ ವೈರಿಗೆ ಸೇರುತ್ತದೆ. ಆ ವೈರು ಎಡಗಡೆಯ ದೀಪಕ್ಕೂ ಹೋಗಿದೆಯಲ್ಲ? ಅಲ್ಲಿಯ ಬ್ರೇಕ್ ತಂತುವನ್ನು ಹಾಯ್ದು, ಸರಿಯಾಗಿರುವ ಎಡಗಡೆಯ ಅರ್ತ್ ಮೂಲಕ ಬ್ಯಾಟರಿಗೆ ಮರಳುತ್ತದೆ. ಸುತ್ತಿನ ದಾರಿಯಾದರೂ ಮಂಡಲ ಪೂರ್ಣ! ಆದ್ದರಿಂದ ದೀಪ ಉರಿಯುತ್ತದೆ. ಬ್ರೇಕ್ ಒತ್ತಿದ ಕೂಡಲೇ ಬ್ರೇಕ್ ವೈರಿಗೂ 12 ವೋಲ್ಟ್ ಬಂತು. ಬಲಗಡೆಯ ಬಲ್ಬಿನ ಎರಡೂ ಬೊಟ್ಟುಗಳಲ್ಲಿ ಈಗ 12 ವೋಲ್ಟ್. ಎರಡು ಕಡೆ ಒಂದೇ ಮಟ್ಟ. ವಿಭವಾಂತರವಿಲ್ಲದ ಮೇಲೆ ಪ್ರವಾಹವಿಲ್ಲ. ದೀಪ ಆರಿತು.

ಲೆಕ್ಕ ಮಾಡಿ ನೋಡೋಣ

'ಸುತ್ತಿನ ದಾರಿಯಲ್ಲಿ ಹೋದರೆ ದೀಪ ತೀರಾ ಮಂಕಾಗಬೇಕಲ್ಲ, ಗಾಡಿಯವರಿಗೆ ಅದು ಗೊತ್ತಾಗಬೇಕಲ್ಲ?' ಎಂದು ಚುರುಕಾದ ವಿದ್ಯಾರ್ಥಿ ಕೇಳಬಹುದು. ಒಳ್ಳೆಯ ಪ್ರಶ್ನೆ. ಪೆನ್ಸಿಲ್ ತೆಗೆದುಕೊಳ್ಳಿ.

ವ್ಯಾಟ್ ಅಂಕಿಯನ್ನು ವೋಲ್ಟ್ ಅಂಕಿಯಿಂದ ಭಾಗಿಸಿದರೆ ಆಂಪಿಯರ್ ಬರುತ್ತದೆ. 21 ವ್ಯಾಟಿನ ತಂತು 12 ವೋಲ್ಟಿಗೆ 1.75 ಆಂಪಿಯರ್ ಎಳೆಯುತ್ತದೆ. 5 ವ್ಯಾಟಿನದು ಸುಮಾರು 0.42 ಆಂಪಿಯರ್. ಓಮ್‌ನ ನಿಯಮದಂತೆ ಉರಿಯುವಾಗ ಮೊದಲನೆಯದರ ರೋಧ ಸುಮಾರು 6.9 ಓಮ್, ಎರಡನೆಯದರದು 28.8 ಓಮ್. ಆದರೆ ಇಲ್ಲಿ ಒಂದು ಸ್ವಾರಸ್ಯವಿದೆ. ಟಂಗ್‌ಸ್ಟನ್ ತಂತು ತಣ್ಣಗಿದ್ದಾಗ ಅದರ ರೋಧ, ಬೆಳಗುವಾಗಿನ ರೋಧದ ಸುಮಾರು ಹತ್ತನೆಯ ಒಂದು ಪಾಲು ಮಾತ್ರ. ಸುತ್ತಿನ ದಾರಿಯಲ್ಲಿ ಹರಿಯುವ ಪ್ರವಾಹ 0.4 ಆಂಪಿಯರ್ ಆಸುಪಾಸು. 1.75 ಆಂಪಿಯರ್ ಬೇಕಾದ ಬ್ರೇಕ್ ತಂತು ಇಷ್ಟರಿಂದ ಕೆಂಪಾಗುವುದೂ ಇಲ್ಲ. ಆದ್ದರಿಂದ ಅದರ ರೋಧ ಒಂದು ಓಮ್ ಆಸುಪಾಸಿನಲ್ಲೇ ಉಳಿಯುತ್ತದೆ. ಎರಡು ಬ್ರೇಕ್ ತಂತು ಸೇರಿ ಎರಡು ಓಮ್, 5 ವ್ಯಾಟಿನದು ಸುಮಾರು 29 ಓಮ್. ಸರಣಿ ಜೋಡಣೆಯಲ್ಲಿ ವೋಲ್ಟೇಜ್ ರೋಧದ ಪ್ರಮಾಣದಲ್ಲಿ ಹಂಚಿಹೋಗುತ್ತದೆ. ಹೀಗೆ 12ರಲ್ಲಿ ಸುಮಾರು 11 ವೋಲ್ಟ್ 5 ವ್ಯಾಟಿನ ತಂತುವಿಗೇ ಸಿಗುತ್ತದೆ! ದೀಪ ತುಸು ಮಂಕಾಗುತ್ತದೆ, ಅಷ್ಟೆ. ಬರಿಗಣ್ಣಿನಿಂದ ನೋಡಿದವರು 'ಹತ್ತೈತಿ ಬಿಡ್ರಿ' ಎಂದು ಮುಂದೆ ಹೋಗುತ್ತಾರೆ.

ಹಗಲು ಹೊತ್ತಿನಲ್ಲಿ ಬ್ರೇಕ್ ಒತ್ತಿದಾಗಲೂ ಇದೇ ಆಟ ತಿರುವುಮುರುವಾಗಿ ನಡೆಯುತ್ತದೆ. ಬ್ರೇಕ್ ವೈರಿನಿಂದ ಬಂದ ಪ್ರವಾಹ 5 ವ್ಯಾಟಿನ ತಂತುವಿನಲ್ಲಿ ಹಿಮ್ಮುಖವಾಗಿ ಹೋಗಿ, ಬೇರೆ ಸಣ್ಣ ದೀಪಗಳ ಮೂಲಕ ಚಾಸಿಗೆ ಇಳಿಯುತ್ತದೆ. ಬಲಗಡೆಯಲ್ಲಿ ಪ್ರಖರ ಬೆಳಕಿನ ಬದಲು ಮಂದ ಕೆಂಪು ಕಾಣುತ್ತದೆ. ಅದನ್ನೂ 'ಹತ್ತಿತು' ಎಂದೇ ಬಗೆಯುತ್ತಾರೆ. ತೊಂದರೆ ಹಗಲಿನಲ್ಲಿ ಬಚ್ಚಿಟ್ಟುಕೊಂಡಿದ್ದು ರಾತ್ರಿ, ಅದೂ ಬ್ರೇಕ್ ಒತ್ತುವ ಗಳಿಗೆಯಲ್ಲಿ, ಬಯಲಾಗುತ್ತದೆ. ಗಾಡಿ ನಡೆಸುವವನು ಮುಂದೆ ನೋಡುತ್ತಿರುತ್ತಾನೆ. ಅವನಿಗೆ ಕಾಣುವುದೇ ಇಲ್ಲ.

ಜರ್ಮನಿಯ ಗಿಯಾರ್ಗ್ ಸೈಮನ್ ಓಮ್ ತನ್ನ ನಿಯಮವನ್ನು ಪ್ರಕಟಿಸಿದ್ದು 1827ರಲ್ಲಿ. ಆತ ಶಾಲಾ ಶಿಕ್ಷಕನಾಗಿದ್ದವನು. ಕವಲು ದಾರಿಗಳಲ್ಲಿ ಪ್ರವಾಹ ಹೇಗೆ ಹಂಚಿಕೊಳ್ಳುತ್ತದೆಂಬ ನಿಯಮಗಳನ್ನು ಕಿರ್ಖಾಫ್ 1845ರಲ್ಲಿ ಕೊಟ್ಟಾಗ ಆತ ಇನ್ನೂ ವಿದ್ಯಾರ್ಥಿ. ಆ ನಿಯಮಗಳು ಬಂದಾಗ ಮೋಟಾರು ಗಾಡಿಯೇ ಇರಲಿಲ್ಲ. ಆದರೂ ರಾಯಬಾಗದ ಪಿಕಪ್ಪಿನ ರೋಗವನ್ನು ಅವರ ನಿಯಮಗಳು ಬೆರಳಿಟ್ಟು ತೋರಿಸಿದವು.

ಪರೀಕ್ಷೆ

ಊಹೆ ಸರಿಯೆಂದು ಒಪ್ಪುವ ಮೊದಲು ಪ್ರಯೋಗ ಬೇಕಲ್ಲವೇ? ಒಂದು ಭಾನುವಾರ ಅವರ ಅಂಗಳದಲ್ಲಿಯೇ ಮಾಡಿದೆವು. ಒಂದು ಉದ್ದನೆಯ ವೈರನ್ನು ಬ್ಯಾಟರಿಯ ಋಣ ತುದಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಬಲಗಡೆ ಹೋಲ್ಡರಿನ ಲೋಹಕ್ಕೆ ಒತ್ತಿ ಹಿಡಿಯಲು ಹುಡುಗನಿಗೆ ಹೇಳಿದೆ. ಅವನ ತಂದೆ ಬ್ರೇಕ್ ಒತ್ತಿದರು. ದೀಪ ಝಗ್ಗೆಂದು ಹತ್ತಿತು. ವೈರು ತೆಗೆದರೆ ಆರಿತು. ಆಮೇಲೆ ಮಲ್ಟಿಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿಯ ಋಣಕ್ಕೂ ಕೆಂಪು ಕಡ್ಡಿಯನ್ನು ಹೋಲ್ಡರಿನ ಮೈಗೂ ಹಿಡಿದೆವು. ಅರ್ತ್ ಸರಿಯಿದ್ದರೆ ಅಲ್ಲಿ ಸೊನ್ನೆಯ ಹತ್ತಿರ ತೋರಿಸಬೇಕು. ಬ್ರೇಕ್ ಒತ್ತಿದಾಗ ತೋರಿಸಿದ್ದು 12ರ ಹತ್ತಿರ. ಇನ್ನು ಸಾಕ್ಷಿ ಬೇಕಿರಲಿಲ್ಲ.

ಕಾರಣವನ್ನು ಹುಡುಕಿದಾಗ ಅದೂ ಸಿಕ್ಕಿತು. ಹೋಲ್ಡರಿನ ಬೋಲ್ಟಿನ ಸುತ್ತ ತುಕ್ಕು ಹೊಪ್ಪಳಿಕೆಯಾಗಿ ಎದ್ದಿತ್ತು. ತಾಮ್ರದ ಎಳೆಗಳು ಹಸಿರುಗಟ್ಟಿದ್ದವು. ಇದಕ್ಕೆ ನಮ್ಮ ಭಾಗದ ವಿಶೇಷ ಕಾರಣವೊಂದಿದೆ: ರಸಗೊಬ್ಬರ. ಗೊಬ್ಬರದ ಲವಣಗಳು ಗಾಳಿಯ ತೇವವನ್ನು ಹೀರಿಕೊಂಡು ನೀರಾಗುತ್ತವೆ. ಲವಣ ಕರಗಿದ ನೀರು ವಿದ್ಯುದ್ವಾಹಕ. ತಾಮ್ರ ಮತ್ತು ಕಬ್ಬಿಣ ಎಂಬ ಎರಡು ಬೇರೆ ಲೋಹಗಳ ನಡುವೆ ಅಂಥ ನೀರು ನಿಂತರೆ ಅದೇ ಒಂದು ಪುಟ್ಟ ವಿದ್ಯುತ್ಕೋಶವಾಗಿ ಕಬ್ಬಿಣ ಬೇಗ ಸವೆಯುತ್ತದೆ. ಅಮೋನಿಯಾ ಅಂಶ ತಾಮ್ರವನ್ನೂ ಬಿಡುವುದಿಲ್ಲ. ಗೊಬ್ಬರ ಹೇರಿದ ಮೇಲೆ ಗಾಡಿಯನ್ನು, ಅದರಲ್ಲೂ ಹಿಂಭಾಗದ ಮೂಲೆಗಳನ್ನು, ಒಳ್ಳೆಯ ನೀರಿನಿಂದ ತೊಳೆಯುವುದು ಬಲ್ಬು ಬದಲಿಸುವುದಕ್ಕಿಂತ ದೊಡ್ಡ ಔಷಧಿ.

ಹೊಸ ವೈರಿಂಗ್

ತುಕ್ಕು ಕೆರೆದು ಬೋಲ್ಟು ಬಿಗಿದಿದ್ದರೆ ಆ ದಿನದ ಕೆಲಸ ಮುಗಿಯುತ್ತಿತ್ತು. ಆದರೆ ಗಾಡಿಯ ಕೆಳಗೆ ಇಣುಕಿದಾಗ ಹಿಂದೀಪಗಳಿಗೆ ಹೋಗುವ ವೈರುಗಳಲ್ಲಿ ಏಳು ಕಡೆ ಹೊಸೆದು ಟೇಪು ಸುತ್ತಿದ ಗಂಟುಗಳು ಕಂಡವು. ಬಿಸಿಲಿಗೆ ಟೇಪು ಬಿಚ್ಚಿಕೊಂಡು ಜೋತಾಡುತ್ತಿತ್ತು. ಎರಡು ಕಡೆ ಇಲಿ ಕಡಿದ ಗುರುತೂ ಇತ್ತು. ಹಾಗಾಗಿ ಹಿಂದಿನ ವೈರುಗಳನ್ನೆಲ್ಲ ಹೊಸದಾಗಿ ಹಾಕುವುದೆಂದು ತೀರ್ಮಾನವಾಯಿತು. ಕೆಲಸ ಮಾಡಿದವರು ತಂದೆ, ಮಗ ಮತ್ತು ಅವರ ಪರಿಚಯದ ಒಬ್ಬ ಅನುಭವಿ ಎಲೆಕ್ಟ್ರಿಷಿಯನ್. ಆಗ ಅನುಸರಿಸಿದ ಕ್ರಮ ಬೇರೆಯವರಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದು, ಬ್ಯಾಟರಿಯ ಋಣ ತುದಿಯನ್ನು ಬಿಚ್ಚುವುದು. ಧನ ತುದಿಯನ್ನು ಮೊದಲು ಬಿಚ್ಚಬಾರದು. ಏಕೆಂದರೆ ಧನ ತುದಿಗೆ ಹಾಕಿದ ಪಾನಾ ಅಕಸ್ಮಾತ್ ಗಾಡಿಯ ಮೈಗೆ ತಾಗಿದರೆ ಅದೇ ನೇರ ಶಾರ್ಟ್ ಸರ್ಕ್ಯೂಟ್. ಋಣ ತುದಿಗೆ ಹಾಕಿದ ಪಾನಾ ಮೈಗೆ ತಾಗಿದರೂ ಏನೂ ಆಗದು. ಅವೆರಡೂ ಮೊದಲೇ ಕೂಡಿಕೊಂಡಿವೆ. 12 ವೋಲ್ಟಿನಿಂದ ಕೈಗೆ ಶಾಕ್ ಹೊಡೆಯುವುದಿಲ್ಲವೆಂಬುದು ನಿಜ. ಆದರೆ ಬ್ಯಾಟರಿ ನೂರಾರು ಆಂಪಿಯರ್ ಕೊಡಬಲ್ಲದು. ಕೈಯ ಉಂಗುರ, ಕಡಗಗಳ ಮೂಲಕ ಆ ಪ್ರವಾಹ ಹರಿದರೆ ಲೋಹ ಕಾದು ಚರ್ಮ ಸುಡುತ್ತದೆ. ಅವನ್ನು ತೆಗೆದಿಡಿ. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುವುದರಿಂದ ಕಿಡಿ, ಬೀಡಿ ಎರಡೂ ಹತ್ತಿರ ಬೇಡ.

ಎರಡನೆಯದು, ಹಳೆಯ ವೈರುಗಳನ್ನು ಕತ್ತರಿಸುವ ಮೊದಲು ಪಟ್ಟಿ ಮಾಡುವುದು. ಯಾವ ವೈರು ಯಾವ ದೀಪಕ್ಕೆ ಎಂದು ಟೆಸ್ಟ್ ಲ್ಯಾಂಪಿನಿಂದ ಒಂದೊಂದಾಗಿ ನೋಡಿ, ಕಾಗದದ ಚೀಟಿ ಕಟ್ಟಬೇಕು. ಇದಕ್ಕೆ ಮಾತ್ರ ಬ್ಯಾಟರಿಯನ್ನು ಮತ್ತೆ ಜೋಡಿಸಬೇಕಾಗುತ್ತದೆ. ಬಣ್ಣವನ್ನು ನಂಬುವಂತಿಲ್ಲ, ಹಳೆಯ ಗಾಡಿಯಲ್ಲಿ ಯಾರು ಯಾವಾಗ ಯಾವ ಬಣ್ಣದ ತುಂಡು ಸೇರಿಸಿದ್ದಾರೋ ಹೇಳಲಾಗದು. ನಮ್ಮ ಹುಡುಗ ಇದನ್ನು ಪ್ರಯೋಗ ಪುಸ್ತಕದಂತೆ ಗೆರೆ ಎಳೆದು ಬರೆದುಕೊಂಡಿದ್ದ.

ಮೂರನೆಯದು, ವೈರಿನ ದಪ್ಪ. ಇಲ್ಲಿ ಮತ್ತೆ ಲೆಕ್ಕ ಬೇಕು. ಎರಡು ಹಿಂದೀಪ 10 ವ್ಯಾಟ್, ನಂಬರ್ ಪ್ಲೇಟಿನ ದೀಪ 5, ಎರಡು ಬ್ರೇಕ್ ದೀಪ 42, ಎರಡೂ ಇಂಡಿಕೇಟರ್ ಒಟ್ಟಿಗೆ ಮಿನುಗಿದರೆ 42, ಎರಡು ರಿವರ್ಸ್ ದೀಪ 42. ಎಲ್ಲ ಒಮ್ಮೆಲೇ ಹತ್ತಿದರೆ 141 ವ್ಯಾಟ್, ಅಂದರೆ ಸುಮಾರು 11.75 ಆಂಪಿಯರ್. ಇಷ್ಟೂ ಪ್ರವಾಹ ಮರಳಬೇಕಾದದ್ದು ಅರ್ತ್ ಮೂಲಕ. ಆದ್ದರಿಂದ ಅರ್ತ್ ವೈರೇ ಎಲ್ಲಕ್ಕಿಂತ ದಪ್ಪವಿರಬೇಕು. ಬ್ರೇಕ್ ದೀಪಗಳ ವೈರಿನಲ್ಲಿ ಹರಿಯುವುದು 3.5 ಆಂಪಿಯರ್. ಐದು ಮೀಟರ್ ಉದ್ದದ ಅರ್ಧ ಚದರ ಮಿಲಿಮೀಟರ್ ತಾಮ್ರದ ವೈರಿನ ರೋಧ ಸುಮಾರು 0.17 ಓಮ್; ಅದರಲ್ಲಿಯೇ 0.6 ವೋಲ್ಟ್ ನಷ್ಟ. ಒಂದೂವರೆ ಚದರ ಮಿಲಿಮೀಟರ್ ಹಾಕಿದರೆ ನಷ್ಟ 0.2 ವೋಲ್ಟಿಗೆ ಇಳಿಯುತ್ತದೆ. ಅರ್ಧ ವೋಲ್ಟಿಗೆ ಇಷ್ಟೇಕೆ ಜಿಪುಣತನ ಎನ್ನಬೇಡಿ. ತಂತು ಬಲ್ಬಿಗೆ ಸಿಗುವ ವೋಲ್ಟೇಜ್ ಶೇಕಡಾ 10ರಷ್ಟು ಕಡಿಮೆಯಾದರೆ ಬೆಳಕು ಸುಮಾರು ಶೇಕಡಾ 30ರಷ್ಟು ಕುಗ್ಗುತ್ತದೆ. ಅವರು ದೀಪಗಳಿಗೆ ಒಂದೂವರೆ, ಅರ್ತ್‌ಗೆ ಎರಡೂವರೆ ಚದರ ಮಿಲಿಮೀಟರ್ ವೈರು ಹಾಕಿದರು. ಎರಡೂ ದೀಪಗಳ ಹೋಲ್ಡರಿನಿಂದ ಪ್ರತ್ಯೇಕ ಅರ್ತ್ ವೈರು ತಂದು, ಚಾಸಿಯ ಮೇಲೆ ಬಣ್ಣ ಕೆರೆದು ಹೊಳೆಯುವ ಲೋಹ ಕಾಣಿಸಿದ ಜಾಗದಲ್ಲಿ ಬೋಲ್ಟಿನಿಂದ ಬಿಗಿದು, ಮೇಲೆ ಗ್ರೀಸ್ ಸವರಿದರು.

ನಾಲ್ಕನೆಯದು, ಜೋಡಣೆ. ನಡುವೆ ಗಂಟೇ ಇರದಂತೆ ಒಂದೇ ಅಖಂಡ ವೈರು ಎಳೆಯುವುದು ಉತ್ತಮ. ಜೋಡಿಸಲೇಬೇಕಾದರೆ ಬೆಸುಗೆ ಹಾಕಿ ಮೇಲೆ ಸ್ಲೀವ್ ತೊಡಿಸಬೇಕು, ಇಲ್ಲವೇ ಸರಿಯಾದ ಕನೆಕ್ಟರ್ ಒತ್ತಬೇಕು. ತಗಡಿನ ತೂತಿನೊಳಗೆ ವೈರು ಹಾಯುವಲ್ಲಿ ರಬ್ಬರ್ ಬುಶ್ ಬೇಕೇ ಬೇಕು. ಇಲ್ಲವಾದರೆ ಗಾಡಿಯ ಅದುರುವಿಕೆಗೆ ತಗಡು ಗರಗಸದಂತೆ ವೈರನ್ನು ಕೊಯ್ಯುತ್ತದೆ. ಎಲ್ಲ ವೈರುಗಳನ್ನು ಒಂದು ಪ್ಲಾಸ್ಟಿಕ್ ಕೊಳವೆಯೊಳಗೆ ಸೇರಿಸಿ, ಗೇಣಿಗೊಂದು ಕಟ್ಟು ಹಾಕಿ, ಸೈಲೆನ್ಸರ್ ಕೊಳವೆಯಿಂದ ದೂರ ಒಯ್ಯಬೇಕು.

ಐದನೆಯದು, ಫ್ಯೂಸ್. ಫ್ಯೂಸ್ ಇರುವುದು ವೈರನ್ನು ಕಾಯಲು. ಅದು ಪದೇ ಪದೇ ಹೋಗುತ್ತದೆಂದು ಬೆಳ್ಳಿಯ ಕಾಗದ, ದಪ್ಪ ತಂತಿ ಸುತ್ತಿದರೆ ಫ್ಯೂಸ್ ಸುಡುವ ಬದಲು ಗಾಡಿ ಸುಡುತ್ತದೆ. ತಯಾರಕರು ಹೇಳಿದ ಅಂಕಿಯನ್ನೇ ಹಾಕಿ, ಹೋಗುವ ಕಾರಣವನ್ನು ಹುಡುಕಬೇಕು.

ಬಲ್ಬಿನ ವಿಷಯದಲ್ಲೂ ಒಂದು ಎಚ್ಚರ. ಡಬಲ್ ಕಾಂಟ್ಯಾಕ್ಟ್ ಬಲ್ಬಿನ ಪಕ್ಕದ ಎರಡು ಮೊಳೆಗಳು ಒಂದೇ ಎತ್ತರದಲ್ಲಿರುವುದಿಲ್ಲ. ತಿರುಗುಮುರುಗಾಗಿ ಕೂರದಿರಲಿ ಎಂದೇ ಹಾಗೆ ಮಾಡಿದ್ದಾರೆ. ಸವೆದ ಹೋಲ್ಡರಿನಲ್ಲಿ ಬಲವಂತದಿಂದ ತಿರುಗಿಸಿ ಕೂರಿಸಿದರೆ ತಂತುಗಳು ಅದಲುಬದಲಾಗುತ್ತವೆ. ಆಗ ರಾತ್ರಿಯಿಡೀ ಬ್ರೇಕ್ ದೀಪ ಉರಿಯುತ್ತದೆ. ಬ್ರೇಕ್ ಒತ್ತಿದಾಗ ಹೆಚ್ಚಿನ ವ್ಯತ್ಯಾಸವೇ ಕಾಣದು. ಈಗ ಎಲ್‌ಇಡಿ ಬಲ್ಬುಗಳೂ ಬಂದಿವೆ. ತಂತು ಕಾದು ಪೂರ್ಣ ಬೆಳಗಲು ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಸಮಯ ಹಿಡಿದರೆ ಎಲ್‌ಇಡಿ ತಕ್ಷಣ ಬೆಳಗುತ್ತದೆ. ಹಿಂದೆ ಬರುವವನಿಗೆ 60 ಕಿಲೋಮೀಟರ್ ವೇಗದಲ್ಲಿ ಮೂರು ಮೀಟರ್‌ಗಿಂತ ಹೆಚ್ಚು ಲಾಭ. ಆದರೆ ಹಳೆಯ ಅರ್ತ್ ಮೇಲೆ ಹೊಸ ಎಲ್‌ಇಡಿ ಹಾಕಿದರೆ ರೋಗ ಹಾಗೆಯೇ ಉಳಿಯುತ್ತದೆ. ಇಂಡಿಕೇಟರಿಗೆ ಎಲ್‌ಇಡಿ ಹಾಕಿದರೆ ಹಳೆಯ ಫ್ಲ್ಯಾಷರ್ ಸರಿಯಾದ ಲಯದಲ್ಲಿ ಮಿನುಗದಿರಬಹುದು. ಅದಕ್ಕೆ ತಕ್ಕ ಫ್ಲ್ಯಾಷರನ್ನೇ ಹಾಕಬೇಕಾಗುತ್ತದೆ.

ಕಾನೂನು ಏನನ್ನುತ್ತದೆ? 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಹಿಂದಿನ ಕೆಂಪು ದೀಪ 155 ಮೀಟರ್ ದೂರದಿಂದ ಕಾಣಬೇಕು. ನಂಬರ್ ಪ್ಲೇಟ್ ಬಿಳಿಯ ಬೆಳಕಿನಲ್ಲಿ 15 ಮೀಟರ್ ದೂರದಿಂದ ಓದಲು ಬರಬೇಕು. ಹಳೆಯ ಸರಕು ವಾಹನಗಳು ಕಾಲಕಾಲಕ್ಕೆ ಫಿಟ್‌ನೆಸ್ ಪತ್ರ ಪಡೆಯಲೇಬೇಕು. ಆದರೆ ಚಿಕ್ಕೋಡಿಯ ಆರ್‌ಟಿಒ ಕಚೇರಿಗೆ ಹೋಗುವ ದಿನ ಮಾತ್ರ ದೀಪ ಹತ್ತಿದರೆ ಸಾಲದು, ಉಳಿದ ರಾತ್ರಿಗಳಿಗೂ ಹತ್ತಬೇಕು.

ಕಬ್ಬಿನ ಟ್ರೇಲರಿನ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರಿನ ಹಿಂದೆ ಕಬ್ಬು ಜೋತುಬಿದ್ದು, ದೀಪವಿದ್ದರೂ ಮುಚ್ಚಿಹೋಗಿರುತ್ತದೆ. ಕೊಂಡಿಯ ಹತ್ತಿರ ಅರ್ತ್ ಸರಿಯಾಗಿ ಕೂಡದ ಕಾರಣ ಇದೇ ತೊಂದರೆ ಅಲ್ಲಿ ಇನ್ನೂ ಹೆಚ್ಚು. ಕೊಂಡಿಯ ಕಬ್ಬಿಣವನ್ನು ನಂಬದೆ ಟ್ರೇಲರಿಗೆ ಪ್ರತ್ಯೇಕ ಅರ್ತ್ ವೈರು ಒಯ್ಯಬೇಕು. ಕೆಟ್ಟು ನಿಂತ ಟ್ರೇಲರಿಗೆ ವಿದ್ಯುತ್ತೇ ಬೇಡದ ಒಂದು ಸಹಾಯಕನಿದ್ದಾನೆ, ಅದೇ ಪ್ರತಿಫಲಕ. ಮೂರು ಕನ್ನಡಿಗಳು ಒಂದಕ್ಕೊಂದು ಲಂಬವಾಗಿ ಕೂಡಿದ ಮೂಲೆ, ಬೆಳಕು ಯಾವ ದಿಕ್ಕಿನಿಂದ ಬಂದಿತೋ ಅದೇ ದಿಕ್ಕಿಗೆ ಅದನ್ನು ಮರಳಿಸುತ್ತದೆ. ಅಂಥ ನೂರಾರು ಪುಟ್ಟ ಮೂಲೆಗಳು ಆ ಕೆಂಪು ಬಿಲ್ಲೆಯಲ್ಲಿವೆ. 1969ರಲ್ಲಿ ಅಪೊಲೊ-11ರ ಯಾತ್ರಿಗಳು ಚಂದ್ರನ ಮೇಲೆ ಇರಿಸಿ ಬಂದದ್ದೂ ಇದೇ ತತ್ವದ ಪ್ರತಿಫಲಕವನ್ನೇ. ಚಂದ್ರನಿಂದ ಬೆಳಕು ಮರಳಿಸುವ ವಸ್ತು ಟ್ರೇಲರಿನ ಹಿಂದೆ ಕೆಲಸ ಮಾಡದೇ ಇದ್ದೀತೆ? ಆದರೆ ಅದರ ಮೇಲಿನ ಕೆಸರನ್ನು ಒರೆಸಬೇಕು, ಮುಂದಿನ ಕಬ್ಬನ್ನು ಸರಿಸಬೇಕು.

ಪಾಲಕರಿಗೆ ಎರಡು ಮಾತು

ಆ ಭಾನುವಾರ ಕೆಲಸದ ನಡುವೆ ಹುಡುಗನ ತಂದೆ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು: "ಸರ, ಇದು ಎಸ್ಸೆಸ್ಸೆಲ್ಸಿ ವರ್ಷ ಐತ್ರಿ. ಇಂವಾ ಪುಸ್ತಕ ಬಿಟ್ಟು ಗಾಡಿ ಬುಡಕ ಮಲಗ್ಲಿಕ್ಕೆ ಹತ್ಯಾನ. ನಾ ಡ್ರೈವರಕಿ ಮಾಡಿದ್ದ ಸಾಕಾಗೇತ್ರಿ. ಇವಂಗೂ ಇದ ಹಣಿಬಾರ ಆಗೂದು ಬ್ಯಾಡ."

ಅವರ ಆತಂಕವನ್ನು ನಾನು ಹಗುರವಾಗಿ ಕಾಣಲಾರೆ. ರಾತ್ರಿ ಎರಡು ಗಂಟೆಗೆ ಎದ್ದು ಗಾಡಿ ಹೊಡೆದ ಮನುಷ್ಯನ ಮಾತು ಅದು. ಮಗ ಬೇರೆ ದಾರಿ ಹಿಡಿಯಲಿ ಎಂಬ ಆಸೆ ಸಹಜ. ಆದರೆ ಅವರಿಗೆ ನಾನು ಹೇಳಿದ್ದನ್ನು ಎಲ್ಲ ಪಾಲಕರಿಗೂ ಹೇಳುತ್ತೇನೆ. ಗಾಡಿಯ ಕೆಳಗೆ ಮಲಗಿದವರೆಲ್ಲ ಪುಸ್ತಕ ಬಿಟ್ಟವರಲ್ಲ. ಹತ್ತನೇ ತರಗತಿಯ ವಿಜ್ಞಾನದಲ್ಲಿ ಓಮ್‌ನ ನಿಯಮ, ಸರಣಿ ಮತ್ತು ಸಮಾಂತರ ಜೋಡಣೆ, ವಿದ್ಯುತ್ ಸಾಮರ್ಥ್ಯದ ಲೆಕ್ಕ ಎಲ್ಲವೂ ಇವೆ. ಮಕ್ಕಳು ಅವನ್ನು ಬಾಯಿಪಾಠ ಮಾಡಿ ಅಂಕ ಗಳಿಸುತ್ತಾರೆ, ಪರೀಕ್ಷೆ ಮುಗಿದ ವಾರದಲ್ಲಿ ಮರೆಯುತ್ತಾರೆ. ಈ ಹುಡುಗ ಅವನ್ನು ಮರೆಯಲಾರ. ಏಕೆಂದರೆ ಆ ಲೆಕ್ಕದ ಮೇಲೆ ಅವನ ತಂದೆಯ ಜೀವ ಕುಳಿತಿದೆ.

ಅವನು ಮುಂದೆ ಪಿಯು ವಿಜ್ಞಾನಕ್ಕೆ ಹೋಗಲಿ, ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಅಥವಾ ಮೋಟಾರು ವಾಹನದ ಮೆಕ್ಯಾನಿಕ್ ತರಬೇತಿ ಸೇರಲಿ, ಡಿಪ್ಲೊಮಾ ಮಾಡಲಿ, ಈ ತಿಳಿವಳಿಕೆ ವ್ಯರ್ಥವಾಗದು. ಕೈಗೆ ಗ್ರೀಸ್ ಹತ್ತಿದರೆ ಸಾಬೂನಿನಿಂದ ತೊಳೆಯಬಹುದು; ಕಾರಣ ಹುಡುಕುವ ಅಭ್ಯಾಸ ಒಮ್ಮೆ ತಪ್ಪಿಹೋದರೆ ಮತ್ತೆ ತರುವುದು ಕಷ್ಟ. ಎರಡು ಬಲ್ಬು, ಒಂದು ಸ್ವಿಚ್ಚು ಬದಲಿಸಿದರೂ ತೊಂದರೆ ಹೋಗದಿದ್ದಾಗ ದುಡ್ಡು ಖರ್ಚಾಯಿತೇ ಹೊರತು ಪ್ರಶ್ನೆ ಹಾಗೆಯೇ ಉಳಿದಿತ್ತು. 'ಮರಳುವ ದಾರಿ ಯಾವುದು?' ಎಂದು ಕೇಳಿದ ಮೇಲೆಯೇ ಅದು ಬಿಡಿಸಿಕೊಂಡಿತು. ತಂದೆ ಹೆಚ್ಚು ಮಾತಾಡಲಿಲ್ಲ. "ವಾರದಾಗ ಒಂದ ತಾಸು, ಅದೂ ಭಾನುವಾರ" ಎಂದು ಅವಧಿ ಗೊತ್ತುಮಾಡಿದರು. ನನಗೆ ಅದು ನ್ಯಾಯವಾದ ತೀರ್ಮಾನವೆಂದೇ ತೋರಿತು.

ಮಕ್ಕಳಿಗೆ ಒಂದು ಕಟ್ಟುನಿಟ್ಟಿನ ಸೂಚನೆ. ಇಲ್ಲಿ ಹೇಳಿದ್ದೆಲ್ಲ 12 ವೋಲ್ಟಿನ ಗಾಡಿಗೆ. ಮನೆಯ 230 ವೋಲ್ಟ್ ಪ್ರಾಣ ತೆಗೆಯುತ್ತದೆ. ಅಲ್ಲಿ ಇಂಥ ಪ್ರಯೋಗ ಸಲ್ಲದು. ವಿದ್ಯುತ್ ಕಾರುಗಳಲ್ಲಿ ಕಿತ್ತಳೆ ಬಣ್ಣದ ದಪ್ಪ ಕೇಬಲ್ ಕಂಡರೆ ಕೈ ಹಾಕಬೇಡಿ. ಅದು ನೂರಾರು ವೋಲ್ಟಿನದು. ಗಾಡಿಯ ಕೆಲಸವನ್ನೂ ಹಿರಿಯರು ಜೊತೆಗಿದ್ದಾಗ, ಗಾಲಿಗೆ ಕಲ್ಲು ಇಟ್ಟು, ಎಂಜಿನ್ ಬಂದ್ ಮಾಡಿ, ಸಮತಟ್ಟಾದ ಜಾಗದಲ್ಲಿಯೇ ಮಾಡಬೇಕು.

ಈ ವಾರದ ಮನೆಗೆಲಸ ಮೂರು. ಒಂದು: ಮನೆಯಲ್ಲಿ ಅಥವಾ ನೆರೆಯಲ್ಲಿ ಇರುವ ಒಂದು ವಾಹನವನ್ನು ಸಂಜೆ ಗೋಡೆಗೆ ಬೆನ್ನು ಮಾಡಿ ನಿಲ್ಲಿಸಿ, ಹಿಂದಿನ ದೀಪ, ಬ್ರೇಕ್, ಎಡ ಇಂಡಿಕೇಟರ್, ಬಲ ಇಂಡಿಕೇಟರ್ ಒಂದೊಂದಾಗಿ, ಆಮೇಲೆ ಎರಡೆರಡಾಗಿ ಹಾಕಿಸಿ ಗೋಡೆಯ ಮೇಲಿನ ಬೆಳಕನ್ನು ಪಟ್ಟಿ ಮಾಡಿ. ಒಂದನ್ನು ಹಾಕಿದಾಗ ಇನ್ನೊಂದು ಮಂಕಾದರೆ ಅಥವಾ ಮಿಣುಕಿದರೆ ಅರ್ತ್ ಮೇಲೆ ಮೊದಲ ಅನುಮಾನ ಇಡಿ. ಎರಡು: ಬಲಗಡೆಯ ಜೊತೆಗೆ ಎಡಗಡೆಯ ಅರ್ತ್ ಕೂಡ ಹೋದರೆ ರಾತ್ರಿ ಏನಾದೀತು? ಮಂಡಲದ ಚಿತ್ರ ಬರೆದು ಉತ್ತರಿಸಿ. ಮೂರು: ಬ್ರೇಕ್ ವೈರಿನ ಒಂದು ತುಕ್ಕು ಹಿಡಿದ ಗಂಟಿನ ರೋಧ 1 ಓಮ್ ಇದ್ದರೆ ಎರಡು ಬ್ರೇಕ್ ದೀಪಗಳಿಗೆ ಸಿಗುವ ವೋಲ್ಟೇಜ್ ಎಷ್ಟು? ಎರಡು ದೀಪಗಳೂ ಸಮಾಂತರದಲ್ಲಿವೆ ಎಂಬುದನ್ನು ನೆನಪಿಡಿ.

ಮೊದಲನೆಯ ಪ್ರಶ್ನೆಯ ಪಟ್ಟಿಯನ್ನು ನನಗೆ ತೋರಿಸಬೇಕಾಗಿಲ್ಲ. ಗಾಡಿ ನಡೆಸುವವರಿಗೆ ಆ ರಾತ್ರಿಯೇ ತೋರಿಸಿ.